ಎತ್ತರದ ಗಾಡಿಯ ಇಮಾಮಸಾಹೇಬರು
ಉಟಗಿಯ ಬಟ್ಟೆ ವ್ಯಾಪಾರಿ ಇಮಾಮಸಾಹೇಬರು ಹದಿನೈದು ವರ್ಷ ದುಡಿದ ಸಣ್ಣ ಕಾರನ್ನು ಕೊಟ್ಟು, ಎತ್ತರದ ಹೊಸ ಗಾಡಿ ತಂದಂದಿನಿಂದ ಊರವರನ್ನೆಲ್ಲ ಮೇಲಿನಿಂದಲೇ ಮಾತನಾಡಿಸುತ್ತಾರೆ. ಸೀಟಿನ ಪ್ಲಾಸ್ಟಿಕ್ ಇನ್ನೂ ತೆಗೆದಿಲ್ಲ. ಯಾರು ಹತ್ತಲು ಬಂದರೂ "ಚಪ್ಪಲಿ ಬಿಟ್ಟು ಬರ್ರಿ" ಎನ್ನುತ್ತಾರೆ. ನೆರೆಮನೆಯ ತಮ್ಮಣ್ಣ ಮರ್ಯಾದೆಯಿಂದ ಉಟಗಿಯ ರಸ್ತೆಯಲ್ಲೇ ಚಪ್ಪಲಿ ಬಿಟ್ಟು ಹತ್ತಿ, ಜತ್ತದ ಪೇಟೆಯಲ್ಲಿ ಬರಿಗಾಲಲ್ಲಿ ಇಳಿದ. "ಇನ್ನ ಮ್ಯಾಲ ಜತ್ತದಾಗೂ ಒಂದ್ ಜೋಡಿ ಇಟ್ಟಿರತೀನ್ರಿ ಸಾಹೇಬ್ರ" ಎಂದ. ಸಾಹೇಬರ ಕೊರಗೇ ಬೇರೆ: ಹೆಂಡತಿ ಮಹಮುದಾ ಗಾಡಿ ಹತ್ತಲು ಒಪ್ಪಿರಲಿಲ್ಲ. "ಹಳೀದ್ರಾಗ ಸುಮ್ಮನ ಕುಂದ್ರತಿದ್ದೆ. ಇಷ್ಟ್ ಎತ್ತರಕ್ಕ ನನ್ನ ಮೊಣಕಾಲು ಏಳೂದಿಲ್ರಿ" ಎಂದುಬಿಟ್ಟಿದ್ದಳು. ಹಾಗಾಗಿ ಈಗ ಗಾಡಿಯ ಡಿಕ್ಕಿಯಲ್ಲಿ ಸದಾ ಒಂದು ಮಣೆ ಇರುತ್ತದೆ. ಯಾರೆದುರೂ ಬಗ್ಗದ ಸಾಹೇಬರು ನಡುಬೀದಿಯಲ್ಲಿ ಬಗ್ಗಿ ಅದನ್ನಿಟ್ಟು, ಅವಳಿಗೆ ಕೈ ಚಾಚುತ್ತಾರೆ. ಅವಳು ಚಪ್ಪಲಿ ಬಿಡಲು ಹೋದರೆ ಮೆಲ್ಲಗೆ, "ಇರ್ಲಿ, ಹಾಕ್ಕೊಂಡ ಹತ್ತು" ಎನ್ನುತ್ತಾರೆ.