ಅಂಗೈ ಮೇಲಿನ ತಪಾಸಣೆ

ನನ್ನ ಕಿರಿಮಗಳು ಮಸ್ಕತ್ತಿನ ಒಂದು ದವಾಖಾನೆಯಲ್ಲಿ ನರ್ಸ್. ಮೊದಲ ಹೆರಿಗೆಯಲ್ಲಿ ಅವಳು ಬದುಕಿದ್ದೇ ಹೆಚ್ಚು. ಎರಡನೆಯದಕ್ಕೆ ಹತ್ತು ದಿನ ಉಳಿದಾಗ, ನೀ ಬರದಿದ್ದರೆ ನನ್ನ ಕೈಲಾಗುವುದಿಲ್ಲ ಎಂದು ಫೋನಿನಲ್ಲಿ ಅತ್ತಳು. ಅಳುವ ಹುಡುಗಿಯಲ್ಲ ಅದು. ಹಿರಿಮಗಳನ್ನು ಜೊತೆಗೆ ಕರೆದುಕೊಂಡು ನವನಗರದ ಮನೆಯಿಂದ ಹೊರಟೆ. ನಾನು ಕಲಿತದ್ದು ಮೂರನೇ ಇಯತ್ತೆ. ವಿಮಾನ ಕಂಡದ್ದು ಅಂಗಳದಲ್ಲಿ ನಿಂತು, ಅದು ಆಕಾಶದಲ್ಲಿದ್ದಾಗ.

ಹುಬ್ಬಳ್ಳಿಯ ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ, ಕೆರೂರ ದಾಟುವಾಗಲೇ ಹಿರಿಮಗಳು ಶುರು ಮಾಡಿದಳು.

"ಅವ್ವಾ, ಕೈಚೀಲದಾಗ ಚಾಕು, ಕತ್ರಿ ಏನೂ ಇಲ್ಲಲ್ಲ?"

"ಏನೂ ಇಲ್ಲ. ಸುಮ್ ಕುಂದ್ರು."

ಅಡಕೊತ್ತು ಇತ್ತು. ಅಡಿಕೆ ಒಡೆಯುವುದನ್ನು ಯಾರು ಚಾಕು ಎನ್ನುತ್ತಾರೆ? ಅತ್ತೆ ಕೊಟ್ಟದ್ದು ಅದು. ದೊಡ್ಡ ಬ್ಯಾಗು ನಮ್ಮ ಕೈಬಿಟ್ಟು ಹೋಗುತ್ತದೆಂದು, ಹಳೆಯ ಇಳಕಲ್ಲ ಸೀರೆಯ ತುಂಡಿನಲ್ಲಿ ಸುತ್ತಿ ಕಡಕ್ ರೊಟ್ಟಿಯ ಕಟ್ಟಿನ ನಡುವೆ ಇಟ್ಟಿದ್ದೆ. ಅಲ್ಲಿ ಯಾರು ನೋಡುತ್ತಾರೆ!

ನೋಡಿದರು. ಚೀಲ ಯಂತ್ರದ ಹೊಟ್ಟೆಯೊಳಗೆ ಹೋಯಿತು, ಪಟ್ಟಿ ನಿಂತಿತು. ನಾನು ಕತ್ತು ಚಾಚಿ ಪರದೆ ನೋಡಿದೆ. ನನ್ನ ರೊಟ್ಟಿಗಳೆಲ್ಲ ಕಿತ್ತಳೆ ಬಣ್ಣದ ಮಬ್ಬು. ಅದರ ನಡುವೆ ಅಡಕೊತ್ತು ನೀಲಿಯಾಗಿ, ಎರಡು ಕಾಲು ಕೂಡುವ ಮೊಳೆಯೂ ಕಾಣುವಷ್ಟು ಸ್ಪಷ್ಟ. ನನ್ನ ಬಾಯಿ ಮುಚ್ಚಲಿಲ್ಲ. ರೊಟ್ಟಿ ಒಂದೂ ಮುರಿಯದೆ, ಗಂಟು ಬಿಚ್ಚದೆ, ಒಳಗಿದ್ದದ್ದನ್ನು ಕಂಡಿತ್ತು ಆ ಯಂತ್ರ!

"ಚಾಕು ಇಲ್ಲ ಅಂದ್ಯಲ್ಲ!" ಮಗಳು ಹಲ್ಲು ಕಡಿದಳು.

"ಚಾಕು ಎಲ್ಲೈತಿ?"

ಅಡಕೊತ್ತನ್ನು ಒಂದು ಡಬ್ಬಿಗೆ ಹಾಕಿದರು. ಹೋದರೆ ಹೋಯಿತು. ಅತ್ತೆ ಅದನ್ನು ಕೊಟ್ಟಾಗಲೂ ಅಷ್ಟೇನು ಪ್ರೀತಿಯಿಂದ ಕೊಟ್ಟಿರಲಿಲ್ಲ.

ಮುಂದೆ ಹೆಂಗಸರ ತಪಾಸಣೆ. ಖಾಕಿ ತೊಟ್ಟ ಹುಡುಗಿ ಕೈಯ ಕೋಲನ್ನು ನನ್ನ ಎದೆಯ ಹತ್ತಿರ ತಂದಳು. ಅದು ಕುಯ್ಯೆಂದಿತು. ಸೆರಗಿನೊಳಗೆ ಶಿವದಾರದಲ್ಲಿ ಕೊರಳಿಗೆ ಕಟ್ಟಿದ ಬೆಳ್ಳಿಯ ಕರಡಿಗೆ, ಅದರೊಳಗೆ ನನ್ನ ಇಷ್ಟಲಿಂಗ.

"ಅಜ್ಜಿ, ಅದನ್ನ ತೆಗೆದು ಟ್ರೇನಲ್ಲಿಡಿ," ಅಂದಳು. ಮೈಸೂರಿನ ಕಡೆಯ ಮಾತು.

ಹಿಂದಿನವರ ಚಪ್ಪಲಿ ಹೊತ್ತ ಟ್ರೇ ಆಗಷ್ಟೇ ಹೊರಗೆ ಬಂದಿತ್ತು.

"ಚಪ್ಪಲಿ ಇಟ್ಟಲ್ಲಿ ಲಿಂಗ ಇಡಂಗಿಲ್ಲವ್ವಾ. ಹುಟ್ಟಿದಾಗ ಕಟ್ಟಿದ್ದು. ಮೈ ಬಿಟ್ಟು ಒಂದು ದಿನ ಸೈತ ಹೋಗಿಲ್ಲ."

"ಪರೀಕ್ಷೆ ಆಗದೆ ಒಳಗೆ ಬಿಡೋಕಾಗಲ್ಲ ಅಜ್ಜಿ."

"ಹಂಗಾರ ನಾ ಹೋಗಂಗಿಲ್ಲ."

ಅಂದೆ. ಕಿರಿಮಗಳು ಫೋನಿನಲ್ಲಿ ಅತ್ತದ್ದು ಕಿವಿಯಲ್ಲೇ ಇತ್ತು. ಆದರೂ ಕೈ ಶಿವದಾರದ ಕಡೆ ಹೋಗಲಿಲ್ಲ. ಸಾಲಿನಲ್ಲಿದ್ದ ಒಬ್ಬಾಕೆ, "ಮುದುಕಿ ಪಾಪ, ಬಿಡ್ರಿ ಮೇಡಮ್ಮರ," ಎಂದಳು.

ಹುಡುಗಿ ಆಕೆಯತ್ತ ತಿರುಗಿದಳು. "ಅಜ್ಜಿ ಅಂತ ಬಿಟ್ಟರೆ, ನಾಳೆ ಕೆಟ್ಟವರು ಬಾಂಬನ್ನ ಅಜ್ಜಿ ಕೈಯಲ್ಲೇ ಕಳಿಸ್ತಾರೆ."

ಮಾತು ಖರೆ. ರೊಟ್ಟಿಯೊಳಗೆ ಅಡಕೊತ್ತು ಬಚ್ಚಿಟ್ಟವಳು ನಾನೇ ಅಲ್ಲವೇ? ಅವಳು ಯಾರನ್ನೋ ಕರೆದು ಕೇಳಿದಳು. ಹಿರಿಯ ಅಧಿಕಾರಿಣಿ ಬಂದು ನನ್ನನ್ನು ಪರದೆಯ ಹಿಂದೆ ಕರೆದೊಯ್ದಳು.

"ತೆಗೀಬ್ಯಾಡ್ರಿ ಅಮ್ಮಾ. ನೀವ ಕರಡಿಗಿ ಬಿಚ್ಚಿ, ನಿಮ್ಮ ಅಂಗೈ ಮ್ಯಾಲ ಇಟ್ಕೋರಿ. ನಾ ಮುಟ್ಟಂಗಿಲ್ಲ. ನೋಡ್ತೇನಿ ಅಷ್ಟ."

ದಿನವೂ ಪೂಜೆಯಲ್ಲಿ ಅದು ಕೂರುವುದು ನನ್ನ ಎಡ ಅಂಗೈಯಲ್ಲೇ. ಅಲ್ಲೇ ಇಟ್ಟುಕೊಂಡೆ. ಆಕೆ ಬಗ್ಗಿ, ಎರಡೂ ಕೈ ಹಿಂದೆ ಕಟ್ಟಿಕೊಂಡು ನೋಡಿದಳು. ಆಮೇಲೆ ನನ್ನ ಕೊರಳಲ್ಲಿ ತೂಗುತ್ತಿದ್ದ ಖಾಲಿ ಕರಡಿಗೆಯ ಒಳಗೆ ಬಿಳಿ ಪಟ್ಟಿಯೊಂದನ್ನು ಸವರಿ ಇನ್ನೊಂದು ಯಂತ್ರಕ್ಕೆ ಕೊಟ್ಟಳು. ಸಿಡಿಮದ್ದು ಮುಟ್ಟಿದ ಕೈಯ ವಾಸನೆಯೂ ಅದಕ್ಕೆ ಸಿಗುತ್ತದಂತೆ. ಅದಕ್ಕೆ ಸಿಕ್ಕದ್ದು ವಿಭೂತಿ ಮಾತ್ರ. ಅಪ್ಪಣೆಯಾಯಿತು. ಬಿಡಲೂ ಇಲ್ಲ, ಮುಟ್ಟಲೂ ಇಲ್ಲ. ಇಷ್ಟು ವರ್ಷದಲ್ಲಿ ಇಂಥ ಕೆಲಸ ನಾನು ಕಂಡಿರಲಿಲ್ಲ.

"ಎಲ್ಲಾ ದೇಶದಾಗೂ ಹಿಂಗ ನೋಡ್ತಾರೇನವ್ವಾ?" ಎಂದು ಕೇಳಿದೆ.

"ನೋಡಲೇಬೇಕ್ರಿ. ಒಂದು ಕಡೆ ಸಡಿಲಾದರ ಎಲ್ಲಾ ಕಡೆ ಸಡಿಲಾದಂಗ."

ನಾನು ನಂಬಲಿಲ್ಲ. ಬೇರೆ ದೇಶದವರಿಗೆ ನಮ್ಮ ಲಿಂಗ ಏನು ಗೊತ್ತು?

ಮಸ್ಕತ್ತಿನಲ್ಲಿ ಕಿರಿಮಗಳಿಗೆ ಹೆಣ್ಣು ಮಗು ಹುಟ್ಟಿತು. ಈ ಸಲ ತಾಯಿ ಹೆಚ್ಚು ನರಳಲಿಲ್ಲ. ನನ್ನ ಕೈ ಮಾತ್ರ ಹಿಂಡಿ ಹಿಪ್ಪೆ ಮಾಡಿದಳು. ಎರಡು ತಿಂಗಳು ಬಾಣಂತನ ಮುಗಿಸಿ ಮರಳುವಾಗ ಮಸ್ಕತ್ತಿನ ನಿಲ್ದಾಣದಲ್ಲಿ ಮತ್ತೆ ಅದೇ ಕೋಲು, ಅದೇ ಕುಯ್ಯೆನ್ನುವ ಸದ್ದು. ತಲೆಗೆ ಕಪ್ಪು ವಸ್ತ್ರ ಸುತ್ತಿದ್ದ ಹುಡುಗಿ. ನನ್ನ ಮಾತು ಅವಳಿಗೆ ಬಾರದು, ಅವಳದು ನನಗೆ ಬಾರದು. ಶಿವದಾರವನ್ನು ಬಿಗಿಯಾಗಿ ಹಿಡಿದು ನಿಂತೆ.

ಅವಳು ನನ್ನ ಮುಷ್ಟಿ ನೋಡಿದಳು, ಮುಖ ನೋಡಿದಳು. ಪರದೆಯ ಹಿಂದೆ ಕರೆದಳು. ತನ್ನ ಎಡಗೈ ಚಾಚಿ ಅಂಗೈ ಬಿಡಿಸಿ ತೋರಿಸಿದಳು, ಆಮೇಲೆ ನನ್ನ ಕೈ ತೋರಿಸಿದಳು. ನಾನು ಕರಡಿಗೆ ಬಿಚ್ಚಿದೆ. ಆಕೆ ತನ್ನೆರಡೂ ಕೈ ಹಿಂದೆ ಕಟ್ಟಿಕೊಂಡು ಬಗ್ಗಿದಳು.