ಅಪ್ಪನಿಗೆ ಮರೆವು ಬಂದಿಲ್ಲ

ಸ್ವಲ್ಪ ನಿಲ್ಲಿ. ಸ್ಕ್ರೋಲ್ ಮಾಡಿಕೊಂಡು ಮುಂದೆ ಹೋಗಬೇಡಿ. ಬದ್ಲಾಪುರದ ಹೊಸ ಸೀನಿಯರ್ ಹೋಮ್ ಬಗ್ಗೆ ಈ ವಾರ ಬರೆಯುತ್ತೇನೆ ಎಂದಿದ್ದೆ, ಇದು ಅದಲ್ಲ. ಇದನ್ನು ಓದಿದ ಮೇಲೆ ಈ ಪೇಜು ಬೇಡ ಅನಿಸಿದರೆ ಬಿಟ್ಟುಬಿಡಿ.

ನಮ್ಮಪ್ಪನಿಗೆ ಮರೆವಿನ ಕಾಯಿಲೆ ಇದೆ ಎಂದು ನಮ್ಮ ಬಿಲ್ಡಿಂಗಿನವರಿಗೆಲ್ಲ ನಾನು ಹೇಳಿದ್ದೆ. ಅದು ಸುಳ್ಳು. ಅಪ್ಪನಿಗೆ ಎಲ್ಲ ನೆನಪಿದೆ. ನಾನು ಏನು ಮಾಡಿದೆ ಎನ್ನುವುದೂ ಈಗ ಗೊತ್ತಿದೆ.

ನನ್ನ ಬಗ್ಗೆ ನಿಮಗೆ ಗೊತ್ತಿರುವುದಿಷ್ಟು — ಮುಲುಂಡಿನ ಶೈಲಾ ಬಿರಾದಾರ, ವೃದ್ಧರ ಮನೆಗಳನ್ನು ನೋಡಿ ಬಂದು ಕನ್ನಡದಲ್ಲಿ ಬರೆಯುವವಳು. ನಾನು ಡಾಕ್ಟರಲ್ಲ, ನರ್ಸಲ್ಲ. ಬಾಂದ್ರಾದ ಒಂದು ಆಫೀಸಿನಲ್ಲಿ ಇನ್ಶೂರೆನ್ಸ್ ಕ್ಲೇಮುಗಳನ್ನು ನೋಡುತ್ತೇನೆ. ಈ ವಿಷಯ ನನಗೆ ಯಾರೂ ಕಲಿಸಿದ್ದಲ್ಲ. ಅಪ್ಪನಿಗಾಗಿ ಹುಡುಕುತ್ತ ಹುಡುಕುತ್ತ ಹುಚ್ಚು ಹಿಡಿಯಿತು. ವಿಡಿಯೋ ನೋಡಿದೆ, ರಜೆ ಸಿಕ್ಕಾಗಲೆಲ್ಲ ಲೋಕಲ್ ಹತ್ತಿ ಕರ್ಜತ್, ಪನ್ವೇಲ್, ವಸಯಿ ಎಂದು ಅಲೆದೆ. ಬಚ್ಚಲಲ್ಲಿ ಹಿಡಿಕೆ ಎಲ್ಲಿದೆ, ಹೇಳದೆ ಊಟದ ಹೊತ್ತಿಗೆ ಹೋದರೆ ತಟ್ಟೆಯಲ್ಲಿ ಏನಿರುತ್ತದೆ, ನೋಡಿಕೊಳ್ಳುವ ಆಯಾ ರೂಮಿಗೆ ಬರುವ ಮೊದಲು ಬಾಗಿಲು ತಟ್ಟುತ್ತಾಳೋ ಇಲ್ಲವೋ — ಇದನ್ನೆಲ್ಲ ನೋಡುವುದು ನನಗೆ ನಿಜವಾಗಿ ಇಷ್ಟ. ಈಗಲೂ ಇಷ್ಟ. ಅದು ಸುಳ್ಳಲ್ಲ.

ನೀವು ಅತಿ ಹೆಚ್ಚು ಶೇರ್ ಮಾಡಿದ ನನ್ನ ಪೋಸ್ಟ್ ಯಾವುದು ಗೊತ್ತಲ್ಲ — "ಹಿರಿಯರಿಗೆ ನಿಜ ಹೇಳಿಯೇ ಕರೆದುಕೊಂಡು ಹೋಗಿ." ಅದನ್ನು ಬರೆದ ದಿನ ನಾನು ಅಪ್ಪನಿಗೆ ಫೋನಿನಲ್ಲಿ ಸುಳ್ಳು ಹೇಳಿದ್ದೆ.

ಮೊದಲಿಂದ ಹೇಳುತ್ತೇನೆ.

ನಮ್ಮ ಬಿಲ್ಡಿಂಗ್ ಹಳೆಯದು. ಮುಂಬಯಿಯ ಎಲ್ಲ ಹಳೆ ಬಿಲ್ಡಿಂಗುಗಳ ಹಾಗೆ ಅದೂ ರೀಡೆವಲಪ್‌ಮೆಂಟಿಗೆ ಹೋಯಿತು. ಎಲ್ಲರೂ ಮನೆ ಖಾಲಿ ಮಾಡಬೇಕು, ಬಿಲ್ಡರ್ ಕೆಡವಿ ಹೊಸದು ಕಟ್ಟುತ್ತಾನೆ, ಆಮೇಲೆ ಎಲ್ಲರೂ ವಾಪಸು ಬರಬೇಕು. ನಾನೂ ಅಪ್ಪನೂ ಭಾಂಡುಪಿನಲ್ಲಿ ಬಾಡಿಗೆ ಹಿಡಿದೆವು. ಅವ್ವ ತೀರಿಕೊಂಡು ಬಹಳ ವರ್ಷ ಆಗಿತ್ತು. ನಾನು ಆಫೀಸಿಗೆ ಹೋದರೆ ಅಪ್ಪ ಒಬ್ಬರೇ, ಪರಿಚಯವಿಲ್ಲದ ಜಾಗ, ಪಕ್ಕದ ಮನೆಯಲ್ಲಿ ಯಾರಿದ್ದಾರೆ ಅಂತಲೂ ಗೊತ್ತಿಲ್ಲ. ಒಂದು ಮಧ್ಯಾಹ್ನ ಬಚ್ಚಲಲ್ಲಿ ಬಿದ್ದರು. ನಾನು ಸಂಜೆ ಬಂದು ಬಾಗಿಲು ತೆಗೆಯುವವರೆಗೆ ಅಲ್ಲೇ ಇದ್ದರು.

ಹಾಗಾಗಿ ಅವರಿಗೊಂದು ವೃದ್ಧರ ಮನೆ ಹುಡುಕಿದೆವು. ಇಬ್ಬರೂ ಕೂಡಿಯೇ ಹುಡುಕಿದೆವು, ಅಲ್ಲಿಯವರೆಗೆ ಎಲ್ಲ ಸರಿ ಇತ್ತು. ಕರ್ಜತ್ ಕಡೆಯ ನೇರಳದ ಹತ್ತಿರದ ಒಂದು ಜಾಗ ಅಪ್ಪನಿಗೆ ಹಿಡಿಸಿತು. ಅಲ್ಲಿಯ ಅಡುಗೆಯವಳು ಜೋಳದ ಭಾಕ್ರಿ ಬಡಿಯುತ್ತಿದ್ದಳು. ಅಪ್ಪ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, "ವಿಜಾಪುರದ ಹಂಗಿಲ್ಲ, ಆದ್ರ ಉಪವಾಸ ಏನ್ ಬೀಳಂಗಿಲ್ಲ" ಎಂದರು. ಮ್ಯಾನೇಜರಿಗೆ ಅವರು ಕೇಳಿದ್ದು ಒಂದೇ ಪ್ರಶ್ನೆ, ಇಲ್ಲಿಂದ ಸ್ಟೇಷನ್ ಎಷ್ಟು ದೂರ. ನನಗೆ ಹಾಕಿದ ಕರಾರೂ ಒಂದೇ — ಬಿಲ್ಡಿಂಗ್ ಆದ ದಿನ ತಾನು ವಾಪಸು.

ಹೂಂ ಎಂದೆ. ಆಗ ಅದು ನಿಜವಾದ ಹೂಂ.

ಬಿಲ್ಡಿಂಗ್ ಎದ್ದಿತು. ಅಷ್ಟರಲ್ಲಿ ನನಗೆ ಒಬ್ಬಳೇ ಇರುವುದು ರೂಢಿಯಾಗಿತ್ತು. ಬೆಳಿಗ್ಗೆ ಯಾರ ಚಹಾವೂ ಇಲ್ಲ, ಮಾತ್ರೆಯೂ ಇಲ್ಲ, ಸಂಜೆ ಕೀಲಿ ತಿರುಗಿಸುವಾಗ ಒಳಗೆ ಏನಾಗಿದೆಯೋ ಎಂಬ — ಇಲ್ಲ, ಇದನ್ನು ಕಾರಣ ಅಂತ ಬರೆಯುತ್ತಿಲ್ಲ. ಹಾಗೆ ಇತ್ತು, ಅಷ್ಟೇ.

ಹೊಸ ಬಿಲ್ಡಿಂಗಿನಲ್ಲಿ ಯಾರಿಗೆ ಯಾವ ಮನೆ ಎನ್ನುವುದನ್ನು ಚೀಟಿ ಎತ್ತಿ ಠರಾಯಿಸುತ್ತಾರೆ. ಡಬ್ಬಿಗೆ ಮೊದಲು ಕೈ ಹಾಕುವುದು ಸೊಸೈಟಿಯ ಅತ್ಯಂತ ಹಳೆಯ ಮೆಂಬರ್ ಎಂದು ನಮ್ಮವರು ಮೊದಲೇ ಮಾತಾಡಿಕೊಂಡಿದ್ದರು. ಅದು ಅಪ್ಪ. ಕೆಡವುವ ಮೊದಲು ಕೊನೆಯ ಗಣಪತಿಯಲ್ಲಿ ಎಲ್ಲರೂ ಅವರನ್ನು ಚೇಷ್ಟೆ ಮಾಡಿದ್ದರು, ಬಿರಾದಾರ ಮಾಮಾ ಕೈ ತೊಳೆದುಕೊಂಡು ಬನ್ನಿ, ನಮ್ಮೆಲ್ಲರ ಹಣೆಬರಹ ನಿಮ್ಮ ಬೆರಳಲ್ಲಿದೆ ಎಂದು.

ಚೀಟಿಯ ವಿಷಯ ಹೇಳಲು ಫೋನ್ ಮಾಡಿದವರು ಹಂಚಿನಾಳ ಕಾಕಾ. ಹಳೆ ಬಿಲ್ಡಿಂಗಿನಲ್ಲಿ ನಮ್ಮ ಮೇಲಿನ ಮಹಡಿಯವರು, ಬಾಗಲಕೋಟೆ ಕಡೆಯವರು. ಅವರೂ ಅಪ್ಪನೂ ಬೈಕುಲ್ಲಾ ಮಾರ್ಕೆಟಿನಲ್ಲಿ ಕೆಲಸಕ್ಕಿದ್ದವರು. ರಿಟೈರ್ ಆಗುವವರೆಗೆ ದಿನಾ ಒಂದೇ ಲೋಕಲ್, ಒಂದೇ ಬೋಗಿ, ಒಬ್ಬರು ಇನ್ನೊಬ್ಬರಿಗೆ ಸೀಟು ಹಿಡಿದವರು. ಒಬ್ಬರನ್ನೊಬ್ಬರು 'ಲೇ' ಎಂದೇ ಕರೆಯುವುದು.

"ಬರೋ ಐತವಾರ ಅವನ್ನ ಕರ್ಕೊಂಡು ಬಾ ತಂಗಿ. ಅವ ಚೀಟಿ ಎತ್ತೂ ತನಕ ನಾವ್ಯಾರೂ ಡಬ್ಬಿ ಮುಟ್ಟಂಗಿಲ್ಲ."

ಅಪ್ಪ ಒಮ್ಮೆ ಬಿಲ್ಡಿಂಗ್ ನೋಡಿದರೆ ಮತ್ತೆ ನೇರಳಕ್ಕೆ ಹೋಗುವುದಿಲ್ಲ. ಅದು ನನಗೆ ಗೊತ್ತಿತ್ತು. ನಾನು ಏನೂ ಯೋಚಿಸಿಟ್ಟುಕೊಂಡಿರಲಿಲ್ಲ, ಬಾಯಿಗೆ ಬಂತು —

"ಕಾಕಾ, ಅಪ್ಪಗ ಈಗ ಮಂದಿ ಗುರ್ತ ಸಿಗಂಗಿಲ್ಲ."

ಯಾವಾಗಿಂದ ಎಂದು ಕಾಕಾ ಕೇಳಿದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಈ ಪೇಜಿಗಾಗಿ ಕಲಿತದ್ದೆಲ್ಲ ನಾಲಿಗೆಯ ಮೇಲಿತ್ತು. ಸಂಜೆಯಾದರೆ ಗೊಂದಲ ಹೆಚ್ಚುತ್ತದೆ, ಹಳೆಯದನ್ನು ಕೆದಕಿದರೆ ಹೆದರುತ್ತಾರೆ, ಬಿಲ್ಡಿಂಗ್ ಇನ್ನೂ ಆಗಿಲ್ಲ ಅಂತಲೇ ತಿಳಿದಿದ್ದಾರೆ, ಅವರು ಹೇಳಿದ್ದಕ್ಕೆ ಎದುರಾಡಬಾರದು, ಹೂಂ ಅನ್ನಬೇಕು. ಎಷ್ಟು ಚೆನ್ನಾಗಿ ವಿವರಿಸಿದೆ ಎಂದರೆ ಕಾಕಾ ಕೊನೆಗೆ, ನೀ ಒಬ್ಬಾಕಿ ಹೆಂಗ ನಿಭಾಯಿಸ್ತೀ ತಂಗಿ ಎಂದು ನನಗೇ ಮರುಗಿದರು.

ಆ ಭಾನುವಾರ ಚೀಟಿ ಎತ್ತಿದವಳು ನಾನು. ಯಾರೂ ಚೇಷ್ಟೆ ಮಾಡಲಿಲ್ಲ. ಮೇಲಿನ ಮಹಡಿ ಬಂತು, ಕಿಟಕಿ ಹಳಿಯ ಕಡೆಗೆ. ಎಲ್ಲರೂ ಬೆನ್ನು ತಟ್ಟಿದರು. ಆ ಮನೆಗೆ ನಾನೊಬ್ಬಳೇ ಬಂದೆ.

ಅಪ್ಪನಿಗೆ ಬೇರೆ ಸುಳ್ಳು. ಬಿಲ್ಡಿಂಗ್ ಎದ್ದಿದೆ, ಆದರೆ ಮಹಾನಗರಪಾಲಿಕೆಯ ಒಪ್ಪಿಗೆ ಸಿಕ್ಕಿಲ್ಲ, ಬಿಲ್ಡರ್ ಕೋರ್ಟಿಗೆ ಹೋಗಿದ್ದಾನೆ ಎಂದೆ. ಮುಂಬಯಿಯಲ್ಲಿ ಇದನ್ನು ನಂಬದವರು ಯಾರಿದ್ದಾರೆ? ಅಪ್ಪ ನಂಬಿದರು. ಅವರ ಹತ್ತಿರ ಫೋನಿತ್ತು, ಕಾಕಾನಿಗೆ ತಾವೇ ಮಾಡಿ ಕೇಳುತ್ತಿದ್ದರು. ಕಾಕಾ ನಾನು ಕಲಿಸಿದ ಹಾಗೆ ಹೂಂ ಹೂಂ, ಆಗ್ತದ ಆಗ್ತದ, ನೀ ಆರಾಮ ಇರು ಎಂದು ಸಣ್ಣ ಮಗುವಿಗೆ ಹೇಳಿದಂತೆ ಹೇಳಿ ಇಟ್ಟುಬಿಡುತ್ತಿದ್ದರು. ಉಳಿದವರೂ ಹಾಗೆಯೇ. ಆಮೇಲೆ ಕೆಲವರು ಫೋನ್ ಎತ್ತುವುದನ್ನೇ ಬಿಟ್ಟರು. ಏನು ಮಾತಾಡಬೇಕೋ ತಿಳಿಯುತ್ತಿರಲಿಲ್ಲ ಅವರಿಗೆ.

ಅಪ್ಪ ಒಮ್ಮೆ ಮಾತ್ರ ನನ್ನನ್ನು ಕೇಳಿದರು, ಹಂಚಿನಾಳ ಯಾಕೆ ಹಾಗೆ ಮಾತಾಡುತ್ತಾನೆ, ನಾನೇನಾದರೂ ಅಂದೆನೇ ಎಂದು. ಅವರಿಗೆ ಮನೆಯ ತಾಪತ್ರಯ ಇದೆ ಅಪ್ಪಾ ಎಂದೆ. ಆಮೇಲೆ ಅವರು ಯಾರಿಗೂ ಫೋನ್ ಮಾಡಲಿಲ್ಲ. ನಾನು ತಿಂಗಳಿಗೊಮ್ಮೆ ಹೋದಾಗ ಅವರ ಫೋನಿನ ಚಾರ್ಜರ್ ನೋಡುತ್ತಿದ್ದೆ, ಪಿನ್ನಿನ ಮೇಲೆ ಧೂಳು ಕೂತಿರುತ್ತಿತ್ತು.

ಹೀಗೆ ಎರಡು ವರ್ಷ. ನನಗೆ ಏನೂ ಅನಿಸುತ್ತಿರಲಿಲ್ಲ. ನಿದ್ದೆ ಬರುತ್ತಿತ್ತು, ಊಟ ಸೇರುತ್ತಿತ್ತು, ನಿಮ್ಮ ಕಮೆಂಟುಗಳಿಗೆಲ್ಲ ಉತ್ತರ ಬರೆಯುತ್ತಿದ್ದೆ.

ಈ ಸಲದ ಗಣಪತಿ ಮುಗಿದ ಮೇಲಿನ ಭಾನುವಾರ ನಾನು ನೇರಳದಲ್ಲಿದ್ದೆ. ಅಪ್ಪ ವರಾಂಡದಲ್ಲಿ ಪೇಪರ್ ಓದುತ್ತಿದ್ದರು, ನಾನು ಅವರ ಉಗುರು ಕತ್ತರಿಸುತ್ತಿದ್ದೆ. ಗೇಟಿನ ಹತ್ತಿರ ರಿಕ್ಷಾ ನಿಂತಿತು. ಹಂಚಿನಾಳ ಕಾಕಾ ಇಳಿದರು. ನನಗೂ ಹೇಳಿರಲಿಲ್ಲ. ಕೈಯಲ್ಲಿ ಬಿಲ್ಡಿಂಗಿನ ಗಣಪತಿಯ ಪ್ರಸಾದ, ಕಾಗದದಲ್ಲಿ ಕಟ್ಟಿದ್ದು.

ಅಪ್ಪ ಅವರನ್ನು ನೋಡಿದರು. ಏಳಲಿಕ್ಕೆ ಕುರ್ಚಿಯ ಕೈ ಹಿಡಿದರು. ಆ ಮುಖ — ಬೇಡ, ಅದನ್ನು ಬರೆಯಲು ನನಗೆ ಬರುವುದಿಲ್ಲ.

ಅಷ್ಟರಲ್ಲಿ ಕಾಕಾ ಹತ್ತಿರ ಬಂದು, ಬಗ್ಗಿ, ಒಂದೊಂದೇ ಮಾತನ್ನು ಬಿಡಿಸಿ, ಜೋರಾಗಿ ಕೇಳಿದರು. "ನಾ ಯಾರು, ಹೇಳು ನೋಡೂಣು? ಗುರ್ತ ಸಿಗ್ತದೇನು?"

ಅಪ್ಪ ಅವರನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ನೇಲ್ ಕಟರ್ ನನ್ನ ಕೈಯಲ್ಲೇ ಇತ್ತು. ನನ್ನ ಮುಖದಲ್ಲಿ ಏನಿತ್ತೋ ಗೊತ್ತಿಲ್ಲ, ಅಪ್ಪ ಅದನ್ನು ಓದಿದರು. ಎರಡು ವರ್ಷದ ಫೋನುಗಳು, ಆ ಹೂಂ ಹೂಂ, ಎಲ್ಲ ಅವರಿಗೆ ಒಮ್ಮೆಲೇ ತಿಳಿದಿರಬೇಕು. ಕುರ್ಚಿಯ ಕೈ ಬಿಟ್ಟರು. ಹಿಂದಕ್ಕೆ ಒರಗಿ ಕೂತರು.

"ಇಲ್ರೀ. ಯಾರು ನೀವು?"

ಜೀವಮಾನವೆಲ್ಲ 'ಲೇ' ಎಂದವನಿಗೆ ರೀ ಎಂದರು.

ಕಾಕಾ ಕೆಳಗೆ ಮೆಟ್ಟಿಲ ಮೇಲೆ ಕೂತು ಅತ್ತರು. ಅಪ್ಪನ ಪಾದ ಹಿಡಿದುಕೊಂಡು ಅಳುತ್ತಲೇ ಎಲ್ಲ ಹೇಳಿದರು, ಕೇಳಿಸಿಕೊಳ್ಳದವನ ಮುಂದೆ ಹೇಳಿದ ಹಾಗೆ. ಬಿಲ್ಡಿಂಗ್ ಆಗಿ ಎರಡು ಗಣಪತಿ ಆದವು, ನಿನ್ನ ಕಿಟಕಿಯಿಂದ ನಮ್ಮ ಲೋಕಲ್ ಕಾಣುತ್ತದೆ, ಆರತಿಯಲ್ಲಿ ನಿನ್ನ ದನಿ ಇಲ್ಲದೆ ಬಣಬಣ. ಅಪ್ಪ ಅಲ್ಲಾಡದೆ ಕೇಳಿದರು. ಎಲ್ಲ ಮುಗಿದ ಮೇಲೆ ಕೇಳಿದ್ದು, "ಯಾರ ಬಿಲ್ಡಿಂಗ್‌ರೀ ಅದು?"

ನಾನು ಅಲ್ಲೇ ಇದ್ದೆ. ಒಂದು ಮಾತು ಸಾಕಿತ್ತು. ಬಾಯಿ ತೆರೆಯಲಿಲ್ಲ. ಕಾಕಾನಿಗೆ ನೀರು ಕೊಟ್ಟೆ.

ಅವರು ಹೋದ ಮೇಲೆ ಅಪ್ಪ ಬಹಳ ಹೊತ್ತು ಗೇಟನ್ನೇ ನೋಡುತ್ತಿದ್ದರು. ಬಯ್ಯುತ್ತಾರೆ ಎಂದು ಕಾದೆ. ಬಯ್ಯಲಿಲ್ಲ.

"ಅವನ ಕಾಲಿಗೆ ಏನಾಗೇದ? ಎಡಗಾಲ ಎಳಕೋತ ನಡೀಲಿಕತ್ತಾನ."

ಗೊತ್ತಿಲ್ಲ ಅಪ್ಪಾ ಎಂದೆ. ನಿಜವಾಗಿ ಗೊತ್ತಿರಲಿಲ್ಲ. ಒಂದೇ ಬಿಲ್ಡಿಂಗಿನಲ್ಲಿದ್ದೆ, ನೋಡಿರಲಿಲ್ಲ.

ಆಮೇಲೆ ನಾನು ಎಲ್ಲ ಹೇಳಿದೆ. ನಡೆಯಿರಿ ಅಪ್ಪಾ, ಇವತ್ತೇ ಮನೆಗೆ ಹೋಗೋಣ ಎಂದೆ. ಅವರು ಪೇಪರನ್ನು ನಾಲ್ಕಾಗಿ ಮಡಚಿ ತೊಡೆಯ ಮೇಲಿಟ್ಟುಕೊಂಡರು.

"ಅಲ್ಲಿ ಬಂದ್ರ ಎರಡರಾಗ ಒಂದ ಆಗಬೇಕವ್ವಾ. ಒಂದ ನಾ ಮರತಾಂವ ಆಗಿ ಇರಬೇಕು, ಇಲ್ಲಾ ನೀ ಸುಳ್ಳಿ ಆಗಬೇಕು. ಮೊದಲಿಂದು ನನ್ನ ಕಡಿಂದ ದಿನಾ ಆಗಂಗಿಲ್ಲ. ಎರಡನೇದು ನನಗ ಬ್ಯಾಡ. ನಾ ಇಲ್ಲೇ ಇರ್ತೀನಿ."

ಸಂಜೆಯ ಲೋಕಲಿನಲ್ಲಿ ಕೂತು ನಾನು ಆ ಹೋಮ್‌ನ ಹೊಸ ಊಟದ ಹಾಲಿನ ಬಗ್ಗೆ ನಿಮಗಾಗಿ ಬರೆದೆ. ಬೆಳಕು ಚೆನ್ನಾಗಿದೆ, ಕುರ್ಚಿಗಳಿಗೆ ಕೈಗಳಿವೆ ಎಂದು. ನೀವು ಲೈಕ್ ಮಾಡಿದಿರಿ. ನನಗೆ ಅಳು ಬರಲಿಲ್ಲ. ಈಗಲೂ ಬಂದಿಲ್ಲ. ಬರಬೇಕಿತ್ತು ಎಂದು ಗೊತ್ತಿದೆ, ಅಷ್ಟೇ.

ನಿನ್ನೆ ಹಂಚಿನಾಳ ಕಾಕಾನ ಬಾಗಿಲು ತಟ್ಟಿದೆ. ಒಳಗೆ ಬಾ ಎಂದರು, ಹೋಗಲಿಲ್ಲ. ಹೊಸ್ತಿಲ ಹೊರಗೆ ನಿಂತೇ ಹೇಳಿದೆ. ಅಪ್ಪನಿಗೆ ಏನೂ ಆಗಿಲ್ಲ, ಅವತ್ತೂ ಆಗಿರಲಿಲ್ಲ, ನೀವು ಬಂದಾಗ ಅವರಿಗೆ ನಿಮ್ಮ ಗುರುತು ಸಿಕ್ಕಿತ್ತು, ನನ್ನ ಮಾನ ಕಾಯಲು ಹಾಗೆ ಮಾಡಿದರು. ಕಾಕಾ ಬಾಗಿಲ ಚೌಕಟ್ಟು ಹಿಡಿದು ಪೂರ್ತಿ ಕೇಳಿದರು.

"ಅವನ ಕಾಲ ಹಿಡದು ಅತ್ತೀನಿ ನಾನು," ಎಂದರು. "ನೀ ನೋಡಕೋತ ನಿಂತಿದ್ದಿ."

ಬಾಗಿಲು ಹಾಕಿಕೊಂಡರು. ಜೋರಾಗಿ ಅಲ್ಲ, ಮೆಲ್ಲಗೆ.

ಇನ್ನು ಉಳಿದ ಮನೆಗಳಿಗೂ ಹೋಗಿ ಹೇಳುತ್ತೇನೆ, ಒಂದೊಂದಾಗಿ, ಹೀಗೇ ನಿಂತು. ಸೊಸೈಟಿಯ ಗ್ರೂಪಿನಲ್ಲಿ ಬರೆದು ಮುಗಿಸುವುದಿಲ್ಲ. ಎರಡನೆಯದು ಬೇಡ ಎಂದು ಅಪ್ಪ ಹೇಳಿದ್ದಾರೆ. ಆದರೆ ಅದನ್ನು ಠರಾಯಿಸುವ ಭಾರ ಅವರದಲ್ಲ, ನನ್ನದು. ಬಿಲ್ಡಿಂಗಿನಲ್ಲಿ ಸುಳ್ಳಿ ಎಂದು ಗೊತ್ತಾದವಳಾಗಿ ನಾನು ಇರುತ್ತೇನೆ. ಅದಾದ ಮೇಲೆ ನೇರಳಕ್ಕೆ ಹೋಗಿ, ಎಲ್ಲರಿಗೂ ಗೊತ್ತಾಗಿದೆ ಎಂದು ಹೇಳುತ್ತೇನೆ. ಬನ್ನಿ ಎಂದು ಒತ್ತಾಯಿಸುವುದಿಲ್ಲ. ಬರುವುದು ಬಿಡುವುದು ಅವರು ನೋಡಿಕೊಳ್ಳಲಿ. ಮೊದಲೂ ಅದನ್ನು ಅವರೇ ನೋಡಿಕೊಳ್ಳಬೇಕಿತ್ತು.

ಈ ಪೇಜನ್ನು ತೆಗೆಯುತ್ತಿಲ್ಲ. "ನಿಜ ಹೇಳಿಯೇ ಕರೆದುಕೊಂಡು ಹೋಗಿ" ಎಂಬ ಆ ಪೋಸ್ಟನ್ನೂ ತೆಗೆಯುತ್ತಿಲ್ಲ. ಅದರ ಕೆಳಗೆ ಇದನ್ನು ಹಾಕುತ್ತಿದ್ದೇನೆ.

ನನ್ನನ್ನು ಬಯ್ಯಬೇಕೆನಿಸಿದರೆ ಬಯ್ಯಿರಿ, ಸಮಾಧಾನ ಮಾತ್ರ ಹೇಳಬೇಡಿ. ಆದರೆ ನಿಮ್ಮದೂ ಒಂದು ಬರೆಯಿರಿ. ನಿಮ್ಮ ಮನೆಯ ಹಿರಿಯರ ಬಗ್ಗೆ ಅಕ್ಕಪಕ್ಕದವರಿಗೆ, ನೆಂಟರಿಗೆ, ಅವರ ಗೆಳೆಯರಿಗೆ ನೀವು ಏನು ಹೇಳಿಟ್ಟಿದ್ದೀರಿ? ಅದೇ ಮಾತನ್ನು ಅವರೆದುರು ಕೂತು ಹೇಳಬಲ್ಲಿರಾ?