ಚಾವಡಿಯ ಕಿಟಕಿಗೆ ಗಾಜು

ಒಂದೇ ಒಂದು ಗಾಜು ಹಾಕಿಸಲು ಇಷ್ಟು ಜನರ ಕಾಲು ಹಿಡಿಯಬೇಕಾದೀತೆಂದು ಮೋಹಿನಿ ಎಣಿಸಿರಲಿಲ್ಲ. ಉಡುಪಿಯ ಅಂಗಡಿಯವನು, ಮರದ ಕಿಟಕಿಯನ್ನೇ ಕಿತ್ತು ಅಲ್ಯೂಮಿನಿಯಂ ಮಾಡಿಸಿ ಅಂದ. ಪರ್ಕಳದವನು ಬರುತ್ತೇನೆ, ಬರುತ್ತೇನೆ ಎನ್ನುತ್ತಲೇ ಫೋನ್ ಎತ್ತುವುದನ್ನು ಬಿಟ್ಟ. ಮಣಿಪಾಲದ ಹಾಸ್ಟೆಲ್ಲಿನಲ್ಲಿ ಬೆಳಿಗ್ಗೆಯಿಂದ ಚಪಾತಿ ಲಟ್ಟಿಸಿ, ಬಸ್ಸು ಬದಲಿಸಿ ಕಾಪುವಿಗೆ ಬಂದು ಬೀಳುವ ಹೆಂಗಸಿಗೆ ಇನ್ನೊಬ್ಬನನ್ನು ಹುಡುಕುವ ತ್ರಾಣವಾದರೂ ಎಲ್ಲಿಂದ ಬರಬೇಕು?

ಒಡೆದದ್ದು ಮನೆಯ ಮುಂಭಾಗದ ಚಾವಡಿಯ ಕಿಟಕಿ. ಗಾಳಿಗೆ ತೆಂಗಿನ ಮಡಲು ಬಂದು ಬಡಿದಿತ್ತು. ಅವಳ ಗಂಡ ಕಿಟ್ಟನ ಮಂಚ ಇರುವುದು ಅಲ್ಲೇ. ಮಲ್ಪೆಯ ಬೋಟಿನಲ್ಲಿ ದುಡಿಯುತ್ತಿದ್ದವನು. ಸ್ಟ್ರೋಕ್ ಆಗಿ ಎಡಭಾಗ ಬಿದ್ದುಹೋದ ಮೇಲೆ ಅವನ ಪಾಲಿಗೆ ಉಳಿದ ಲೋಕವೆಂದರೆ ಆ ಗಾಜಿನಾಚೆಯ ರಸ್ತೆ. ಈಗ ಅಲ್ಲಿ ರಟ್ಟು ಸಿಕ್ಕಿಸಿತ್ತು.

ರಸ್ತೆ ಕಾಣುತ್ತಿದ್ದಾಗ ಅವಳು ಬಸ್ಸಿಳಿಯುವುದೂ ಕಾಣುತ್ತಿತ್ತು. ಒಳಗೆ ಕಾಲಿಡುವ ಮೊದಲೇ ಅವನ ಪ್ರಶ್ನೆ ಶುರು: "ಯಾಕೆ ನಿಂತೆ? ಆ ಹೆಂಗಸಿನ ಹತ್ತಿರ ಎಂತ ಅಷ್ಟು ಮಾತು?" ಸಂಶಯವಲ್ಲ, ಪಾಪ, ಅವನಿಗೆ ಬೇರೆ ಕೆಲಸವಾದರೂ ಏನಿತ್ತು? ಆದರೆ ಮೋಹಿನಿಗೆ ಸಾಕಾಗಿ ಹೋಗಿತ್ತು. ಹಾಸ್ಟೆಲ್ಲಿನಲ್ಲಿ ಮೇಲ್ವಿಚಾರಕಿಯ ಕಣ್ಣು, ಬಸ್ಸಿಳಿದರೆ ಗಂಡನ ಕಣ್ಣು. ರಟ್ಟು ಬಂದ ಮೇಲೆ ಅವಳು ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕಾಲು ಚಾಚಿ ಕೂರತೊಡಗಿದಳು. ಯಾರೂ ಕೇಳುವವರಿಲ್ಲ. ಅಷ್ಟು ಸುಖವನ್ನು ಅವಳು ಎಷ್ಟೋ ಕಾಲದಿಂದ ಕಂಡಿರಲಿಲ್ಲ. ಎದ್ದು ಬರುವಾಗ ನಾಚಿಕೆಯಾಗುತ್ತಿತ್ತು, ಮರುದಿನ ಮತ್ತೆ ಕೂರುತ್ತಿದ್ದಳು. ಗಾಜಿನವನನ್ನು ಹುಡುಕಲು ತ್ರಾಣ ಇಲ್ಲವೋ ಮನಸ್ಸೇ ಇಲ್ಲವೋ, ಅವಳಿಗೇ ತಿಳಿಯದಾಗಿತ್ತು.

ಅಷ್ಟರಲ್ಲಿ ಜೊತೆಯಲ್ಲಿ ದುಡಿಯುವ ಝೀಟಾ, ಕೇಳದೆಯೇ ತನ್ನ ತಮ್ಮ ಡ್ಯಾರಿಲ್‌ನನ್ನು ಕಳುಹಿಸಿಬಿಟ್ಟಳು. ಅವನು ಗಾಜಿನ ಕೆಲಸದವನು. ಬಂದವನೇ ಚೌಕಟ್ಟಿಗೆ ಗಾಜು ಅಂಟಿಸಿದ್ದ ಹಳೆಯ ಪುಟ್ಟಿ ಕೆರೆದು ತೆಗೆದ, ಅಳತೆ ಹಿಡಿದ, ಮಂಚದ ಕಡೆ ನೋಡಿದ.

"ಈಗ ಇದು ಮಲಗುವ ಕೋಣೆ ಅಲ್ವಾ ಅಕ್ಕ? ಹಾಗಾದರೆ ಪಿನ್‌ಹೆಡ್ ಹಾಕುವುದಲ್ವಾ?"

ಪಿನ್‌ಹೆಡ್ ಎಂದರೆ ಸಣ್ಣ ಸಣ್ಣ ಗುಳ್ಳೆಗಳಿರುವ ಮಸುಕು ಗಾಜು. ಬೆಳಕು ಬರುತ್ತದೆ, ಆಚೆ ಈಚೆ ಏನೂ ಕಾಣುವುದಿಲ್ಲ. ರಸ್ತೆಬದಿಯ ಕೋಣೆಯಲ್ಲಿ ಮಂಚವಿದ್ದರೆ ಊರಿನವರೆಲ್ಲ ಹಾಕಿಸುವುದು ಅದನ್ನೇ. ಮೋಹಿನಿ ಬಾಯಿ ಬಿಡದಿದ್ದರೆ ಸಾಕಿತ್ತು, ಬೆಂಚಿನ ಸುಖ ಉಳಿಯುತ್ತಿತ್ತು. ಅವಳು ನೆಲದ ಮೇಲಿನ ಪುಟ್ಟಿಯ ಚೂರು ಗುಡಿಸತೊಡಗಿದಳು.

"ಅದನ್ನೇ ಹಾಕಿ ಮಾರಾಯ್ರೆ," ಎಂದ ಕಿಟ್ಟ ಮಂಚದಿಂದ, ತೊದಲುತ್ತ. "ಬಸ್ಸು ಹೋಗುವ ಶಬ್ದ ನನಗೆ ಕೇಳ್ತದೆ. ಇವಳು ಬರುವುದು ಎಷ್ಟೋ ಹೊತ್ತಿನ ಮೇಲೆ. ಎಲ್ಲಿಯೋ ಕೂತು ಸುಧಾರಿಸಿಕೊಳ್ತಾಳೆ. ಕೂತುಕೊಳ್ಳಲಿ."

ಮೋಹಿನಿಗೆ ಮುಖ ಎತ್ತಲಾಗಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ನಾಚಿಕೆ ಒಳಗೆ ಹಿಡಿಸದೆ ಸಿಟ್ಟಾಗಿ ಹೊರಬಂತು.

"ಎಂತ ಕೂತುಕೊಳ್ಳಲಿ? ಪ್ಲೇನ್ ಗಾಜೇ ಹಾಕು ಡ್ಯಾರಿಲ್. ಇವರೇನು ಇಡೀ ದಿನ ಗೋಡೆ ನೋಡ್ತಾ ಮಲಗುವುದಾ?"

ಡ್ಯಾರಿಲ್ ಇಬ್ಬರ ಮುಖವನ್ನೂ ನೋಡಿ, ಪೇಟೆಗೆ ಹೋಗಿ ಪ್ಲೇನ್ ಗಾಜು ಕತ್ತರಿಸಿ ತಂದು ಕೂರಿಸಿದ.

ಮರುದಿನ ಸಂಜೆ ಮೋಹಿನಿ ಬಸ್ಸಿಳಿದಾಗ ಕಾಲು ಬೆಂಚಿನ ಕಡೆಗೇ ಎಳೆಯಿತು. ಕೂರಲಿಲ್ಲ. ಸೆರಗು ಸರಿ ಮಾಡಿಕೊಂಡು, ನೋಡಿದರೆ ನೋಡಲಿ ಎಂದು ನೇರ ಕಿಟಕಿಯತ್ತ ನಡೆದಳು. ಗಾಜು ಇದೆಯೋ ಇಲ್ಲವೋ ಎಂಬಷ್ಟು ತಿಳಿಯಾಗಿತ್ತು. ಒಳಗೆ ಕಿಟ್ಟ, ಹೇಗೆ ಒದ್ದಾಡಿ ಮಗ್ಗುಲಾದನೋ, ರಸ್ತೆಗೆ ಬೆನ್ನು ಹಾಕಿ ಗೋಡೆಗೆ ಮುಖ ಮಾಡಿ ಮಲಗಿದ್ದ.

ಅವಳು ಗಾಜನ್ನು ಬೆರಳಲ್ಲಿ ತಟ್ಟಿದಳು. "ಓಯ್, ನಾನು ಕೂರಲಿ ಅಂತ ತಿರುಗಿ ಮಲಗಿದ್ದಾ? ಇತ್ತ ನೋಡಿ. ಬಂದೆ."

ಅವನ ಬಲಗೈ ಮಂಚದ ಅಂಚಿಗಾಗಿ ತಡಕಾಡಿತು. ಇತ್ತ ಹೊರಳಲು ಅವನಿಂದಾಗಲಿಲ್ಲ. ಮೋಹಿನಿ ಚೀಲವನ್ನು ಅಂಗಳದಲ್ಲೇ ಹಾಕಿ ಒಳಗೆ ಓಡಿದಳು.